ಮನೆಗೊಪ್ಪುವ ಓದು: ಎಳೆಯ ಮಕ್ಕಳಿಗೆ ಓದಲು ಕಲಿಸುವ ಪದ್ಧತಿಯ ಆಯ್ಕೆ

(ಕೊಪ್ಪಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮಕ್ಕಳಿಗೆ ಓದು ಕಲಿಸಲು ಶಾಲೆಯಿದೆ, ಮೇಷ್ಟ್ರಿದ್ದಾರೆ. ಅದರ ಕುರಿತು ಮನೆಯವರ ಮುಂದೆ ಉಪನ್ಯಾಸ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮಗುವಿನ ಓದಿಗೆ ಬೇಕಾದ ಅರ್ಧ ಸಿದ್ಧತೆ ಮುಗಿದಿರುತ್ತದೆ, ಅಥವಾ ಮುಗಿಯದೆ ಉಳಿದಿರುತ್ತದೆ. ಈಗಿನ ತಂದೆ-ತಾಯಿಗಳ ಎದುರು ಸರಕಿಗೂ ಕೊರತೆಯಿಲ್ಲ. ಸಂತೆಯಲ್ಲಿ ವರ್ಣಮಾಲೆಯ ಚಾರ್ಟು ಸಿಗುತ್ತದೆ, ಪಟ್ಟಣದಲ್ಲಿ ಫೋನಿಕ್ಸ್ ಟ್ಯೂಷನ್ ನಡೆಯುತ್ತದೆ, ಮೊಬೈಲ್ ತೆರೆದರೆ ಹಾಡುವ ಅಕ್ಷರಗಳು ಕುಣಿಯುತ್ತವೆ. ಇಷ್ಟರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಇಂದಿನ ವಿಷಯ.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಕನ್ನಡ ಲಿಪಿ ಮಗುವಿನಿಂದ ಏನನ್ನು ಕೇಳುತ್ತದೆ ಎಂಬುದು ಮೊದಲನೆಯದು. ನಮ್ಮ ಕೈಗೆ ಸಿಗುವ ಪದ್ಧತಿಗಳ ಗುಣದೋಷ ಎರಡನೆಯದು. ಮನೆಮಾತಿಗೂ ಪುಸ್ತಕದ ಮಾತಿಗೂ ಇರುವ ದೂರ ಮೂರನೆಯದು. ಕಲಿಸುವವರು ಯಾರು ಎಂಬ ಪ್ರಶ್ನೆ ಕೊನೆಯದು. ಮೊದಲ ಮೂರೂ ನಾಲ್ಕನೆಯದಕ್ಕೆ ದಾರಿ ಮಾಡಿಕೊಡುತ್ತವೆ. ಪದ್ಧತಿಯನ್ನು ಆರಿಸುವಾಗ ಅದರ ಹೆಸರಿಗಿಂತ ಮುಂಚೆ ನಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ನೋಡಬೇಕು ಎಂಬುದು ನನ್ನ ವಾದ.

ಮೊದಲ ಭಾಗಕ್ಕೆ ಬರುತ್ತೇನೆ.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು. ಇಂಗ್ಲಿಷಿನ 26ರ ಎದುರು ಇದು ದೊಡ್ಡ ಹೊರೆಯಂತೆ ಕಾಣುತ್ತದೆ. ಹೊರೆಯ ಲೆಕ್ಕ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ವ್ಯಂಜನಗಳಿಗೆ ಸ್ವರಚಿಹ್ನೆ ಸೇರಿಸಿದರೆ ಗುಣಿತಾಕ್ಷರಗಳ ಸಂಖ್ಯೆ ನಾನೂರನ್ನು ದಾಟುತ್ತದೆ, ಆಮೇಲೆ ಒತ್ತಕ್ಷರಗಳಿವೆ. ಆದರೆ ಇಷ್ಟು ಹೊರಿಸಿದ ಲಿಪಿ ಒಂದು ದೊಡ್ಡ ಉಪಕಾರವನ್ನೂ ಮಾಡಿದೆ. ಕನ್ನಡದ ಅಕ್ಷರಕ್ಕೆ ಅದರ ಸದ್ದೇ ಹೆಸರು. ‘ಸ’, ‘ರ’ ಎಂದು ಹೇಳಿ ಜೋಡಿಸಿದರೆ ‘ಸರ’ ಆಗಿಯೇ ಬಿಡುತ್ತದೆ. ಇಂಗ್ಲಿಷಿನಲ್ಲಿ ‘ಎಸ್’, ‘ಯು’, ‘ಎನ್’ ಎಂಬ ಹೆಸರುಗಳನ್ನು ಎಷ್ಟು ಸಲ ಕೂಡಿಸಿದರೂ ‘ಸನ್’ ಹುಟ್ಟುವುದಿಲ್ಲ. ಅಲ್ಲಿ ಹೆಸರು ಬೇರೆ, ಸದ್ದು ಬೇರೆ. ಒಂದೇ ಅಕ್ಷರ ಜಾಗ ಬದಲಾದಂತೆ ಸದ್ದನ್ನೂ ಬದಲಿಸುತ್ತದೆ. ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬರಹ ಮತ್ತು ಉಚ್ಚಾರ ಹೊಂದಿಕೊಂಡಿರುವ ಭಾಷೆಗಳ ಮಕ್ಕಳು ಮೊದಲ ವರ್ಷದಲ್ಲೇ ಪದಗಳನ್ನು ಸರಾಗವಾಗಿ ಓದುತ್ತಿದ್ದರು, ಇಂಗ್ಲಿಷ್ ಮಕ್ಕಳು ತೀರಾ ಹಿಂದಿದ್ದರು. ಅವರ ಬುದ್ಧಿ ಕಡಿಮೆಯಿತ್ತು ಎಂದಲ್ಲ, ಅವರ ಕಾಗುಣಿತ ಕಷ್ಟದ್ದು.

ಹಾಗಾದರೆ ಕನ್ನಡ ಸುಲಭವೇ? ಸುಲಭ, ಆದರೆ ನಿಧಾನ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ನಮ್ಮ ಮಕ್ಕಳ ಅಕ್ಷರಜ್ಞಾನ ಒಂದನೇ ಇಯತ್ತೆಯಲ್ಲಿ ಮುಗಿಯುವುದಿಲ್ಲ. ಮೂರು, ನಾಲ್ಕನೇ ಇಯತ್ತೆಯವರೆಗೂ ಬೆಳೆಯುತ್ತಲೇ ಇರುತ್ತದೆ. ಹೀಗಿರುವಾಗ ಯುಕೆಜಿ ಮುಗಿಯುವುದರೊಳಗೆ ಕಾಗುಣಿತವೆಲ್ಲ ಬರಲಿ ಎಂದು ಮಗುವನ್ನು ಹಿಂಡುವುದಕ್ಕೆ ಅರ್ಥವಿಲ್ಲ.

ಎಡವುವ ಜಾಗಗಳು ಎಲ್ಲಿವೆ ಎಂಬುದು ಮನೆಯವರಿಗೆ ಗೊತ್ತಿರಬೇಕು. ದ-ಧ-ಥ, ಬ-ಭ, ಡ-ಢ, ಪ-ಷ ಇವು ಒಂದಕ್ಕೊಂದು ಹತ್ತಿರದ ರೂಪಗಳು. ಕು, ಗು, ಸು ಎಂದು ಬರೆದು ರೂಢಿಯಾದ ಮಗು ಪು, ವು ಬಂದಾಗ ಕೊಂಬು ಕೆಳಕ್ಕಿಳಿದದ್ದನ್ನು ಕಂಡು ತಡವರಿಸುತ್ತದೆ. ಕೆಲವು ಒತ್ತುಗಳಿಗೆ ಮೂಲ ಅಕ್ಷರದ ಗುರುತೇ ಇಲ್ಲ. ತ, ಮ, ಯ, ರ ಒತ್ತುಗಳನ್ನು ನೋಡಿ. ಅರ್ಕಾವತ್ತಂತೂ ಬರೆಯುವಾಗ ಹಿಂದೆ, ಓದುವಾಗ ಮುಂದೆ.

ಇವೆಲ್ಲಕ್ಕೂ ಪಾಠ ನಮ್ಮ ಬಸ್ಸಿನ ಬೋರ್ಡಿನಲ್ಲೇ ಇದೆ. ಗಂಗಾವತಿಯಲ್ಲಿ ಅನುಸ್ವಾರವೂ ದೀರ್ಘವೂ ಇವೆ. ಕೊಪ್ಪಳದಲ್ಲಿ ಅದೇ ಅಕ್ಷರದ ಒತ್ತು, ಕುಷ್ಟಗಿಯಲ್ಲಿ ಬೇರೆ ಅಕ್ಷರದ ಒತ್ತು, ಯಲಬುರ್ಗಾದಲ್ಲಿ ಅರ್ಕಾವತ್ತು. ನಾಲ್ಕು ಊರಿನ ಹೆಸರನ್ನು ಚೆನ್ನಾಗಿ ಓದಿ ಬರೆಯಬಲ್ಲ ಮಗು ಕನ್ನಡ ಲಿಪಿಯ ಬಹುತೇಕ ತಿರುವುಗಳನ್ನು ಕಂಡಂತಾಯಿತು.

ಇನ್ನು ಎರಡನೆಯ ಭಾಗ: ಪದ್ಧತಿಗಳು. ಟಿಸಿಎಚ್, ಡಿ.ಎಡ್. ಓದಿದವರಿಗೆ ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿ ಎಂಬ ಹೆಸರುಗಳು ಪರಿಚಿತ. ಮನೆಯವರಿಗೆ ಅನುಕೂಲವಾಗುವಂತೆ ನಾನು ಅವನ್ನು ನಾಲ್ಕು ದಾರಿಗಳಾಗಿ ಹೇಳುತ್ತೇನೆ.

ಒಂದು, ಹಳೆಯ ದಾರಿ. ಅ ಆ ಇ ಈ ಇಂದ ಹಿಡಿದು ಕ್ರಮವಾಗಿ ಬಾಯಿಪಾಠ. ಆಮೇಲೆ ನಮ್ಮ ಕಡೆ ‘ಬಳ್ಳಿ’ ಎನ್ನುವ ಕಾಗುಣಿತ. ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ರಾಗವಾಗಿ ಹೇಳಿಕೊಂಡು ನಮ್ಮ ಹಿರಿಯರು ಕಲಿತದ್ದು ಹೀಗೆಯೇ. ಈ ದಾರಿಯನ್ನು ಹಗುರವಾಗಿ ಕಾಣಬಾರದು. ವರ್ಣಮಾಲೆಯ ಜೋಡಣೆಯಲ್ಲಿ ಉಚ್ಚಾರದ ಶಾಸ್ತ್ರವಿದೆ: ಕಂಠದಿಂದ ತುಟಿಯವರೆಗೆ ವರ್ಗಗಳು ಸಾಲಾಗಿ ಬರುತ್ತವೆ. ಚಿಹ್ನೆಗಳಿಗೆ ಹೆಸರಿರುವುದರಿಂದ ತಪ್ಪನ್ನು ಬೆರಳಿಟ್ಟು ತೋರಿಸಬಹುದು. ತೊಡಕು ಇರುವುದು ಬಾಯಿ ಓಡಿದಷ್ಟು ಕಣ್ಣು ಓಡದಿರುವುದರಲ್ಲಿ. ಬಳ್ಳಿಯನ್ನು ಗಡಗಡ ಹೇಳುವ ಮಗುವಿಗೆ ‘ಕೋ’ ಒಂದನ್ನೇ ಬರೆದು ತೋರಿಸಿ. ಅದು ‘ಕ, ಕಾ, ಕಿ, ಕೀ’ ಎಂದು ಮೊದಲಿಂದ ಹೊರಟು ‘ಕೋ’ದವರೆಗೆ ಬಂದು ನಿಂತರೆ, ಅದಕ್ಕೆ ಹಾಡು ಬಂದಿದೆ, ಓದು ಇನ್ನೂ ಬಂದಿಲ್ಲ.

ಎರಡು, ‘ರ ಗ ಸ ದ ಅ’ ದಾರಿ. ವರ್ಣಮಾಲೆಯ ಕ್ರಮ ಬಿಟ್ಟು, ಬರೆಯಲು ಸುಲಭವಾದ, ಕೂಡಿದರೆ ಕೂಡಲೇ ಪದವಾಗುವ ಅಕ್ಷರಗಳನ್ನು ಮೊದಲು ಕೊಡುವುದು ಇದರ ಗುಟ್ಟು. ಈ ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅಗಸ, ಅರಸ, ಗರಗಸ ಹುಟ್ಟುತ್ತವೆ. ಸರಕಾರಿ ಶಾಲೆಯ ಮಗುವಿಗೆ ಇದು ನಲಿಕಲಿಯ ಮೂಲಕ ಪರಿಚಿತ. ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಗಳ ಪ್ರೇರಣೆಯಿಂದ, ಯುನಿಸೆಫ್ ನೆರವಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂತು. ಮೊದಲ ವಾರದಲ್ಲೇ ಮಗುವಿಗೆ ‘ನಾನು ಓದಿದೆ’ ಎಂಬ ಹಿಗ್ಗು ಸಿಗುತ್ತದೆ ಎಂಬುದೇ ಈ ದಾರಿಯ ಬಲ. ಆದರೆ ಮನೆಯವರಿಗೆ ಇದರ ತಿಳಿವಳಿಕೆ ಇಲ್ಲದಿದ್ದರೆ ಗೊಂದಲವಾಗುತ್ತದೆ. ಶಾಲೆಯಲ್ಲಿ ರ ಗ ಸ, ಮನೆಯಲ್ಲಿ ಅ ಆ ಇ ನಡೆಯುತ್ತಿದ್ದರೆ ‘ಎರಡು ತಿಂಗಳಾದರೂ ಅಆಇಈ ಬರಲಿಲ್ಲ’ ಎಂಬ ದೂರು ಹುಟ್ಟುತ್ತದೆ. ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಜೂನ್ ತಿಂಗಳ ಪಾಲಕರ ಸಭೆಯಲ್ಲಿ ಈ ಕ್ರಮವನ್ನು ಹಲಗೆಯ ಮೇಲೆ ಬರೆದು ತೋರಿಸಿ.

ಮೂರು, ಪದ ಮತ್ತು ಕಥೆಯ ದಾರಿ. ಅಕ್ಷರ ಬಿಡಿಸುವ ಮೊದಲೇ ಇಡೀ ಪದವನ್ನು, ಪುಸ್ತಕವನ್ನು ಮಗುವಿನ ಮುಂದಿಡುವುದು. ಈ ದಾರಿಯೊಂದರಿಂದಲೇ ಮಗು ಕನ್ನಡ ಓದಲು ಕಲಿಯುತ್ತದೆ ಎಂದರೆ ನಾನು ಒಪ್ಪುವುದಿಲ್ಲ; ಚಿತ್ರ ನೋಡಿ ಊಹಿಸುವುದು ರೂಢಿಯಾಗಿಬಿಡುತ್ತದೆ. ಆದರೆ ಒಂದು ಮಾತನ್ನು ಗಮನಿಸಬೇಕು. ಅವ್ವ, ಅಪ್ಪ, ಅಕ್ಕ, ಅಜ್ಜ, ರೊಟ್ಟಿ, ಬೆಲ್ಲ, ಎತ್ತು: ಮಗುವಿಗೆ ಬಹು ಹತ್ತಿರದ ಈ ಮಾತುಗಳೆಲ್ಲ ಒತ್ತಕ್ಷರದವು. ಅಕ್ಷರದ ಕ್ರಮದಲ್ಲೇ ಹೋದರೆ ‘ಅವ್ವ’ ಬರೆಯಲು ಮಗು ತಿಂಗಳುಗಟ್ಟಲೆ ಕಾಯಬೇಕು. ಮನೆಯಲ್ಲಿ ಕಾಯಬೇಕಾಗಿಲ್ಲ. ಇಂಥ ಹತ್ತಾರು ಪದಗಳನ್ನು ಚಿತ್ರದಂತೆ ಇಡಿಯಾಗಿಯೇ ಕಲಿಸಬಹುದು. ಒತ್ತಿನ ಪಾಠ ಆಮೇಲೆ ಬರಲಿ.

ನಾಲ್ಕು, ಫೋನಿಕ್ಸ್, ಅಂದರೆ ಅಕ್ಷರದ ಹೆಸರಿನ ಬದಲು ಅದರ ಸದ್ದನ್ನು ಹಿಡಿದು ಓದಿಸುವುದು. ಮೊದಲು ಅಕ್ಷರದ ಸದ್ದೋ, ಇಡೀ ಪದವೋ ಎಂಬುದು ಅಮೆರಿಕದಲ್ಲಿ 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬವರ ಪುಸ್ತಕದಿಂದ ಕಾವೇರಿದ ಜಗಳ. 1967ರಲ್ಲಿ ಜೀನ್ ಚಾಲ್ ಎಂಬ ಸಂಶೋಧಕಿ ಅದನ್ನು ‘ಮಹಾ ವಾದ’ ಎಂದೇ ಕರೆದರು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿ, ಅಕ್ಷರ-ಸದ್ದುಗಳ ನಂಟನ್ನು ಕ್ರಮವಾಗಿ ಕಲಿಸುವುದೇ ಹೆಚ್ಚು ಫಲಕಾರಿ ಎಂದಿತು. ಇಂಗ್ಲಿಷ್ ಕಲಿಸುವವರಿಗೆ ಇದು ಒಳ್ಳೆಯ ಸಲಹೆ. ಕನ್ನಡಕ್ಕೆ ಆ ಜಗಳವನ್ನು ಇದ್ದಂತೆಯೇ ತಂದು ಹಾಕುವುದು ಬೇಡ. ಅಕ್ಷರಕ್ಕೂ ಸದ್ದಿಗೂ ನಮ್ಮ ಲಿಪಿಯೇ ಗಂಟು ಹಾಕಿಟ್ಟಿದೆ. 2019-20ರಿಂದ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲೂ ಒಂದನೇ ಇಯತ್ತೆಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದದ್ದರಿಂದ ಇಂಗ್ಲಿಷ್ ಓದನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಹಳ್ಳಿಯ ಮನೆಗೂ ಬಂದಿದೆ. ನನ್ನ ಸಲಹೆ ಇಷ್ಟು: ಶಾಲೆ ಯಾವ ಮಾಧ್ಯಮದ್ದಾದರೂ ಇರಲಿ, ಮಗು ಆಡುವ ಭಾಷೆಯ ಲಿಪಿಯಲ್ಲಿ ಓದು ಮೊದಲು ನೆಲೆಗೊಳ್ಳಲಿ. ಸದ್ದನ್ನು ಗುರುತಿಗೆ ಹೊಂದಿಸುವ ಚಳಕವನ್ನು ಒಂದು ಲಿಪಿಯಲ್ಲಿ ಕಲಿತ ಮಗು ಎರಡನೆಯದಕ್ಕೆ ಹೋಗುವಾಗ ಮತ್ತೆ ಸೊನ್ನೆಯಿಂದ ಹೊರಡುವುದಿಲ್ಲ.

ಈ ನಾಲ್ಕರಲ್ಲಿ ಮನೆಗೆ ಯಾವುದು? ಎರಡನೆಯದನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಿ, ಒಂದನೆಯದರಿಂದ ಚಿಹ್ನೆಗಳ ಹೆಸರನ್ನೂ ಮೂರನೆಯದರಿಂದ ಮನೆಯ ಪದಗಳನ್ನೂ ಕಥೆಯನ್ನೂ ತೆಗೆದುಕೊಳ್ಳಿ. ಜೊತೆಗೊಂದು ಸಣ್ಣ ಬದಲಾವಣೆ ಮಾಡಿಕೊಳ್ಳಿ. ಬಳ್ಳಿಯನ್ನು ಒಂದೇ ಅಕ್ಷರದ ಮೇಲೆ ಉದ್ದಕ್ಕೆ ಎಳೆಯುವ ಬದಲು ಒಂದೇ ಚಿಹ್ನೆಯನ್ನು ಹಲವು ಅಕ್ಷರಗಳಿಗೆ ಹಚ್ಚಿ: ರಾ, ಗಾ, ಸಾ, ದಾ. ಅಂದೇ ರಾಗ, ದಾರ, ಸಾರ ಎಂಬ ಪದಗಳು ಸಿದ್ಧ. ಇಳಿ ಎಲ್ಲಿ ಬಂದರೂ ಸದ್ದನ್ನು ಎಳೆಯುತ್ತದೆ ಎಂಬ ಗುಟ್ಟು ಒಂದು ಸಲ ಹೊಳೆದರೆ, ಮಗು ನಾನೂರು ಗುಣಿತಾಕ್ಷರಗಳನ್ನು ಕಂಠಪಾಠ ಮಾಡಬೇಕಿಲ್ಲ, ತಾನೇ ಕಟ್ಟಿಕೊಳ್ಳುತ್ತದೆ.

ಮೂರನೆಯ ಭಾಗಕ್ಕೆ ಹೋಗೋಣ. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಓದನ್ನು ಒಂದು ಗುಣಾಕಾರದ ಲೆಕ್ಕವಾಗಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ತಿಳಿಯುವ ಶಕ್ತಿ. ಇದು ಕೂಡುವ ಲೆಕ್ಕವಲ್ಲ ಎಂಬುದನ್ನು ಗಮನಿಸಿ. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಅಕ್ಷರಗಳನ್ನು ತಪ್ಪಿಲ್ಲದೆ ಉಚ್ಚರಿಸಿಯೂ ಏನು ಓದಿದೆ ಎಂದು ಹೇಳಲಾಗದ ಮಕ್ಕಳು ನಮ್ಮ ಶಾಲೆಗಳಲ್ಲಿ ಕಡಿಮೆಯಿಲ್ಲ.

ಇದಕ್ಕೆ ಒಂದು ಕಾರಣ ಮನೆಮಾತಿಗೂ ಪಠ್ಯದ ಮಾತಿಗೂ ಇರುವ ದೂರ. ಕುಷ್ಟಗಿಯ ಮಗು ‘ಅಪ್ಪ ಹೊಲಕ್ಕ ಹೋಗ್ಯಾನ, ಅವ್ವ ಮನ್ಯಾಗ ರೊಟ್ಟಿ ಬಡಿಯಾಕತ್ತಾಳ’ ಎನ್ನುತ್ತದೆ. ಪುಸ್ತಕ ‘ತಂದೆ ಹೊಲಕ್ಕೆ ಹೋಗಿದ್ದಾರೆ, ತಾಯಿ ಮನೆಯಲ್ಲಿ ರೊಟ್ಟಿ ಮಾಡುತ್ತಿದ್ದಾರೆ’ ಎನ್ನುತ್ತದೆ. ಸಂಗತಿ ಒಂದೇ ಆದರೂ ಕ್ರಿಯಾಪದದ ರೂಪ, ವಿಭಕ್ತಿ, ಗೌರವದ ರೂಢಿ ಮೂರೂ ಬೇರೆ. ಇದರಿಂದ ಹಲವು ಪಾಲಕರಿಗೆ ತಮ್ಮ ಮಾತು ಒಡ್ಡು, ಅದನ್ನು ಮಗುವಿನ ಮುಂದೆ ಆಡಬಾರದು ಎಂಬ ಅಳುಕು. ಆದರೆ ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಅದು ನಾವು ಕೂತಿರುವ ಈ ಕೊಪ್ಪಳ. ಆ ನೆಲದವರು ತಮ್ಮ ಮಾತಿಗೆ ನಾಚಬೇಕಾದ ಕಾರಣವಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಕಥೆಯನ್ನು ಪುಸ್ತಕದ ಮಾತಿನಲ್ಲೇ ಓದಿ, ಆದರೆ ಪ್ರಶ್ನೆಯನ್ನು ಮನೆಯ ಮಾತಿನಲ್ಲಿ ಕೇಳಿ. ‘ಆಮ್ಯಾಲೆ ಏನಾತು? ಅವಾ ಯಾಕ ಓಡಿದ?’ ಮಗು ಮನೆಮಾತಿನಲ್ಲೇ ಉತ್ತರಿಸಲಿ, ತಿದ್ದಬೇಡಿ. ಪುಸ್ತಕದ ರೂಪ ಕೇಳಿ ಕೇಳಿಯೇ ಕಿವಿಗೆ ಹತ್ತುತ್ತದೆ. ಕಥೆಗೆ ಬರವೂ ಇಲ್ಲ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರಂಥ ದೊಡ್ಡ ಕವಿ ಮಕ್ಕಳಿಗಾಗಿಯೂ ಪದ್ಯ ಬರೆದರು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಮನೆಮಾತು ಕನ್ನಡವೇ ಅಲ್ಲದ ಮನೆಗಳೂ ನಮ್ಮಲ್ಲಿ ಬಹಳ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಗಂಗಾವತಿ ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಕುಟುಂಬಗಳಿವೆ, ಉರ್ದು ಮನೆಗಳಿವೆ, ಲಂಬಾಣಿ ತಾಂಡಾಗಳಿವೆ. ತೆಲುಗು ಓದಬಲ್ಲ ತಾಯಿಗೆ ಕನ್ನಡ ಲಿಪಿ ಸೋದರಿಯಂತೆ; ಬಹುಪಾಲು ಚಿಹ್ನೆಗಳನ್ನು ಅವಳು ತಾನೇ ಗುರುತಿಸುತ್ತಾಳೆ. ಉಳಿದವರಿಗೂ ನಿಯಮ ಒಂದೇ: ಕಥೆ, ಮಾತು, ಜೋಗುಳ ಮನೆಯ ಭಾಷೆಯಲ್ಲೇ ಇರಲಿ. ಮನೆಮಾತನ್ನು ನಿಲ್ಲಿಸಿ ಅರೆಬರೆ ಕನ್ನಡ ಅಥವಾ ಇಂಗ್ಲಿಷ್ ಆಡಲು ಹೊರಟರೆ ಗುಣಾಕಾರದ ಎರಡನೆಯ ಅಂಕಿಯನ್ನು ನಾವೇ ಕುಗ್ಗಿಸಿದಂತೆ.

ಇಷ್ಟು ಹೇಳಿ ಕೊನೆಯ, ನನ್ನ ದೃಷ್ಟಿಯಲ್ಲಿ ಮುಖ್ಯವಾದ ಭಾಗಕ್ಕೆ ಬರುತ್ತೇನೆ: ಕಲಿಸುವವರು ಯಾರು?

ಓದು ಕಲಿಸುವ ಕೈಪಿಡಿಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ. ಸಂಜೆ ಬಿಡುವಿರುವ, ಓದುಬಲ್ಲ, ಪುಸ್ತಕ ಕೊಳ್ಳಬಲ್ಲ ತಾಯಿಯೋ ತಂದೆಯೋ ಮನೆಯಲ್ಲಿದ್ದಾರೆ ಎಂದು ಅವು ನಂಬುತ್ತವೆ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 68, ಹೆಣ್ಣುಮಕ್ಕಳದ್ದು ಸುಮಾರು ಶೇ. 57. ಅಂದಿನಿಂದ ಪರಿಸ್ಥಿತಿ ಸುಧಾರಿಸಿದೆ, ಈಗಿನ ತಾಯಂದಿರಲ್ಲಿ ಎಸ್ಸೆಸ್ಸೆಲ್ಸಿ ಓದಿದವರು ಸಾಕಷ್ಟಿದ್ದಾರೆ. ಆದರೆ ತಾಯಿ ಕೂಲಿಗೆ ಹೋದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಹಲವೆಡೆ ಅಕ್ಷರವಿಲ್ಲ. ಅಜ್ಜಿಯನ್ನು ಹೊರಗಿಡುವ ಪದ್ಧತಿ ನಮ್ಮ ಮನೆಗೆ ಒಪ್ಪುವುದಿಲ್ಲ.

ಆದ್ದರಿಂದ ಮನೆಯ ಪದ್ಧತಿಯಲ್ಲಿ ಎರಡು ಪಾಲು ಇರಬೇಕು ಎನ್ನುತ್ತೇನೆ. ಮೊದಲನೆಯದು ಅಕ್ಷರ ಬಾರದವರ ಪಾಲು. ಕಥೆ ಹೇಳುವುದು, ಒಗಟು ಹಾಕುವುದು, ಮಗುವಿನಿಂದ ಕಥೆ ಹೇಳಿಸುವುದು ಅವರಿಂದ ಆಗುವ ಕೆಲಸ. ಸದ್ದಿನ ಆಟಗಳನ್ನೂ ಅವರೇ ಆಡಿಸಬಹುದು. ‘ರೊಟ್ಟಿಯೊಳಗ ಮೊದಲು ಯಾವ ಸದ್ದು ಬರತೈತಿ?’ ‘ಗಂ-ಗಾ-ವ-ತಿ ಅಂತ ಚಪ್ಪಾಳೆ ತಟ್ಟು, ಎಷ್ಟಾದುವು?’ ಮಾತನ್ನು ತುಂಡು ಮಾಡಿ ಕೇಳುವ ಈ ಅಭ್ಯಾಸವೇ ಓದಿನ ಬುನಾದಿ, ಅದಕ್ಕೆ ಪಾಟಿಯೂ ಬೇಡ, ಬಳಪವೂ ಬೇಡ. ಎರಡನೆಯದು ಓದುಬಲ್ಲವರ ಪಾಲು. ಅದು ತಾಯಿ, ತಂದೆ ಅಥವಾ ಐದನೇ, ಎಂಟನೇ ಇಯತ್ತೆಯಲ್ಲಿರುವ ಅಕ್ಕ-ಅಣ್ಣ ಯಾರಾದರೂ ಆಗಲಿ. ದಿನಕ್ಕೆ ಕಾಲು ಗಂಟೆ ಸಾಕು. ನಿನ್ನೆಯ ಅಕ್ಷರಗಳನ್ನು ಸಾಲು ತಪ್ಪಿಸಿ ತೋರಿಸುವುದು, ಒಂದು ಹೊಸ ಅಕ್ಷರ ಅಥವಾ ಚಿಹ್ನೆ, ಅದರಿಂದ ಎರಡು ಮೂರು ಪದ, ಕೊನೆಗೆ ಒಂದು ಪುಟ ಕಥೆ. ಮಗು ದಣಿದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಗುಳೆ ಹೋಗುವ ಮನೆಗಳ ಮಾತು ಬೇರೆಯೇ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವವರ ಜೊತೆ ಮಕ್ಕಳೂ ಹೋಗುತ್ತಾರೆ. ಅವರಿಗೆ ಚಾರ್ಟು, ಕಾರ್ಡುಗಳ ಪದ್ಧತಿ ನಿಲುಕದು. ಒಂದು ನೋಟ್‌ಬುಕ್ಕು ಸಾಕು. ಮಗು ಹೇಳಿದ ಒಂದು ಮಾತನ್ನು ದೊಡ್ಡವರಲ್ಲಿ ಯಾರಾದರೂ ಅದರ ಬಾಯಲ್ಲಿ ಬಂದಂತೆಯೇ ಬರೆದುಕೊಡಬೇಕು. ‘ನಾವು ಬಸ್ಸಿನ್ಯಾಗ ಬಂದಿವಿ’ ಎಂಬುದೇ ಅಂದಿನ ಪಾಠ. ತನ್ನದೇ ಮಾತಾದ್ದರಿಂದ ಮಗು ಅದನ್ನು ಓದಬಲ್ಲದು, ದಿನಗಳೆದಂತೆ ಆ ನೋಟ್‌ಬುಕ್ಕೇ ಅದರ ವಾಚಿಕೆಯಾಗುತ್ತದೆ.

ಕಲಿಕೆ ಎಲ್ಲಿಗೆ ಬಂತು ಎಂದು ನೋಡುವುದಕ್ಕೂ ಸರಳ ಉಪಾಯವಿದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಗುವಿನ ಮುಂದೆ ಒಂದು ಹಾಳೆ ಇಡುತ್ತಾರೆ: ಅಕ್ಷರ, ಪದ, ಒಂದನೇ ಇಯತ್ತೆಯ ಚಿಕ್ಕ ಪರಿಚ್ಛೇದ, ಎರಡನೇ ಇಯತ್ತೆಯ ಕಥೆ. ಆ ಕಥೆಯನ್ನು ಓದಬಲ್ಲ ಮೂರನೇ ಇಯತ್ತೆಯ ಮಕ್ಕಳು ಗ್ರಾಮೀಣ ಭಾರತದಲ್ಲಿ 2018ರಲ್ಲಿ ಶೇ. 27.3 ಇದ್ದವರು, ಕೊರೋನಾ ನಂತರ 2022ರಲ್ಲಿ ಶೇ. 20.5ಕ್ಕೆ ಇಳಿದರು. ನಮ್ಮ ಮಗುವೊಂದೇ ಹಿಂದಿದೆ ಎಂದು ಅದನ್ನು ಗದರುವ ಮೊದಲು ಈ ಅಂಕಿಗಳು ನೆನಪಿರಲಿ. ಇದೇ ನಾಲ್ಕು ಹಂತಗಳನ್ನು ನೀವೂ ಮನೆಯಲ್ಲಿ ನೋಡಬಹುದು. ಮೂರನೇ ಇಯತ್ತೆಗೆ ಬಂದರೂ ಬಿಡಿ ಪದಗಳಲ್ಲೇ ತಡವರಿಸುತ್ತಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಶಿಕ್ಷಕರೊಂದಿಗೆ ಕೂತು ಮಾತಾಡಿ. ಓದಿನ ತೊಂದರೆ ಸೋಮಾರಿತನವಲ್ಲ. ಹೊಡೆತದಿಂದ ಅದು ವಾಸಿಯಾಗುವುದಿಲ್ಲ.

ಮುಕ್ತಾಯಕ್ಕೆ ಬರುತ್ತೇನೆ. ನಾಳೆ ಯಾರಾದರೂ ನಿಮ್ಮ ಮುಂದೆ ಒಂದು ಹೊಸ ಪದ್ಧತಿ ತಂದಿಟ್ಟರೆ ನಾಲ್ಕು ಪ್ರಶ್ನೆ ಕೇಳಿ. ಮೊದಲ ಒಂದೆರಡು ವಾರದಲ್ಲಿ ಮಗು ಅರ್ಥವಿರುವ ಪದವನ್ನು ಓದುತ್ತದೆಯೇ? ಕಲಿತ ಅಕ್ಷರವನ್ನು ಸಾಲು ತಪ್ಪಿಸಿ ತೋರಿದರೂ ಗುರುತಿಸುತ್ತದೆಯೇ? ನಮ್ಮ ಮನೆಮಾತಿಗೆ ಅದರಲ್ಲಿ ಜಾಗವಿದೆಯೇ? ನಮ್ಮ ಮನೆಯಲ್ಲಿ ಇರುವವರಿಂದ ಅದು ದಿನವೂ ನಡೆಯುತ್ತದೆಯೇ? ಮೊದಲ ಮೂರಕ್ಕೆ ಹೌದು ಎಂಬ ಉತ್ತರ ಬಂದು ನಾಲ್ಕನೆಯದಕ್ಕೆ ಇಲ್ಲ ಎಂದಾದರೆ ಆ ಪದ್ಧತಿಯನ್ನು ಬಿಡಿ, ಎಷ್ಟೇ ಹೆಸರುವಾಸಿಯಾಗಿರಲಿ. ದಿನವೂ ನಡೆಯುವ ಸಾಧಾರಣ ಪದ್ಧತಿ, ವಾರಕ್ಕೊಮ್ಮೆ ನಡೆಯುವ ಶ್ರೇಷ್ಠ ಪದ್ಧತಿಗಿಂತ ಹೆಚ್ಚು ಕಲಿಸುತ್ತದೆ.

ಕೊನೆಯದಾಗಿ ಈ ಸಭೆಯಲ್ಲಿರುವ ಪಂಚಾಯತಿ ಸದಸ್ಯರಲ್ಲಿ ಒಂದು ಬೇಡಿಕೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆ ಸದಸ್ಯತ್ವ ಆರು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ ಅವರ ಅವ್ವ, ಅಜ್ಜಿಯರ ಹೆಸರಿನಲ್ಲಿ ಚಿತ್ರಪುಸ್ತಕಗಳನ್ನು ಮನೆಗೆ ಕೊಡುವ ಏರ್ಪಾಡು ಮಾಡಿ. ಕೂಲಿ ಮುಗಿಸಿ ಬರುವವರಿಗೆ ಸಿಗುವಂತೆ ಸಂಜೆ ಹೊತ್ತು ಬಾಗಿಲು ತೆರೆದಿಡಿ. ಪುಸ್ತಕ ಹರಿದೀತು ಎಂಬ ಹೆದರಿಕೆ ಬೇಡ. ಬೀರುವಿನಲ್ಲಿ ಹೊಸದಾಗಿಯೇ ಉಳಿದ ಪುಸ್ತಕಕ್ಕಿಂತ ಮಕ್ಕಳ ಕೈಯಲ್ಲಿ ಹರಿದ ಪುಸ್ತಕವೇ ಪಂಚಾಯತಿಯ ಹಣಕ್ಕೆ ಸರಿಯಾದ ಲೆಕ್ಕ ಒಪ್ಪಿಸುತ್ತದೆ.